ಬಿಡಾರ ಕಿತ್ತ ಮೇಲೂ ಉಳಿದ ಗೂಟಗಳು

ಪ್ರಶ್ನೆ: ಅರಬ್ಬಿ ಕಾವ್ಯದ ಕೆಲವು ಅನುವಾದಗಳನ್ನು ಓದಿದ್ದೇನೆ. ಇಸ್ಲಾಂಪೂರ್ವದ ಮರುಭೂಮಿಯ ಕವಿಗಳೂ ಪ್ಯಾಲೆಸ್ತೀನಿನ ಮಹಮೂದ್ ದರ್ವೀಶ್ ಅವರಂಥ ನಮ್ಮ ಕಾಲದ ಕವಿಗಳೂ ಒಂದೇ ಪರಂಪರೆಗೆ ಸೇರಿದವರೆಂದು ನಂಬುವುದೇ ಕಷ್ಟವಾಯಿತು. ಶತಮಾನಗಳ ಕಾಲ ಒಂದೇ ಕಟ್ಟಳೆಗೆ ಒಳಪಟ್ಟಿದ್ದ ಕಾವ್ಯ 20ನೇ ಶತಮಾನದಲ್ಲಿ ಒಮ್ಮೆಲೇ ಬದಲಾದದ್ದು ಹೇಗೆ? ಅದು ಯುರೋಪಿನ ಅನುಕರಣೆಯಷ್ಟೇ ಆಗಿತ್ತೇ?

ಉತ್ತರ: ಅನುವಾದದಲ್ಲಿ ಮೊದಲು ಕೈಬಿಟ್ಟುಹೋಗುವುದು ಛಂದಸ್ಸು. ಅರಬ್ಬಿ ಕಾವ್ಯದ ಹಳತನ್ನೂ ಹೊಸತನ್ನೂ ಒಂದಕ್ಕೊಂದು ಬಿಗಿದಿರುವ ಹಗ್ಗವೂ ಬಹುಮಟ್ಟಿಗೆ ಅದೇ ಆದುದರಿಂದ ನಿಮಗೆ ಹಾಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಪ್ರಶ್ನೆಯಲ್ಲಿರುವ ಎರಡು ಊಹೆಗಳನ್ನು ಮಾತ್ರ ನಾನು ಒಪ್ಪಲಾರೆ. ಆ ಕಾವ್ಯ 20ನೇ ಶತಮಾನದವರೆಗೆ ಕದಲದೆ ನಿಂತಿತ್ತೆಂಬುದು ಒಂದು. ಆಗ ಕವಿಗಳು ಹಳೆಯ ಛಂದಸ್ಸನ್ನು ಬಿಸಾಡಿದರೆಂಬುದು ಇನ್ನೊಂದು. ಹೊಸಬರು–ಹಳಬರು ಎಂಬ ಜಗಳ ಅಲ್ಲಿ 8ನೇ ಶತಮಾನದಷ್ಟು ಹಿಂದಿನದು. 1947ರ ಸುಮಾರಿಗೆ ಇರಾಕಿನಲ್ಲಿ ಮುರಿದದ್ದಾದರೂ ಗಣವಲ್ಲ, ಸಾಲಿನ ಅಳತೆ. ಯುರೋಪಿನ ಪಾಲು ಇದ್ದೇ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಹಳೆಯ ಕಟ್ಟಡ ಹೇಗಿತ್ತೆಂಬುದರಿಂದ ಶುರುಮಾಡೋಣ. ಅರಬ್ಬಿಯಲ್ಲಿ ಪದ್ಯದ ಒಂದು ಪೂರ್ಣ ಸಾಲಿಗೆ ‘ಬೈತ್’ ಎಂದು ಹೆಸರು. ಬೈತ್ ಎಂದರೆ ಮನೆ. ಅಲೆಮಾರಿಗಳಿಗೆ ಮನೆಯೆಂದರೆ ಗುಡಾರ. ಈ ಬೈತಿಗೆ ಎರಡು ಸಮಭಾಗಗಳು, ಪ್ರತಿಯೊಂದಕ್ಕೂ ‘ಮಿಸ್ರಾ’ ಎಂದು ಹೆಸರು, ಅಂದರೆ ಜೋಡಿ ಬಾಗಿಲಿನ ಒಂದು ಕದ. ಗಣಗಳನ್ನು ಒಡೆದರೆ ಸಿಗುವ ಚಿಕ್ಕ ಘಟಕಗಳಿಗೆ ‘ಸಬಬ್’ ಅಂದರೆ ಹಗ್ಗ, ‘ವತದ್’ ಅಂದರೆ ಗೂಟ ಎಂಬ ಹೆಸರುಗಳಿವೆ. ಒಂದು ಕವಿತೆಯಲ್ಲಿ ಐವತ್ತು ಬೈತುಗಳಿರಲಿ, ನೂರು ಇರಲಿ, ಎಲ್ಲವೂ ಒಂದೇ ಛಂದಸ್ಸಿನಲ್ಲಿದ್ದು, ಒಂದೇ ಅಂತ್ಯಪ್ರಾಸದಲ್ಲಿ, ಅಂದರೆ ‘ಕಾಫಿಯಾ’ದಲ್ಲಿ, ಮುಗಿಯಬೇಕು. ಕನ್ನಡದ ಗಜಲ್‌ಕಾರರ ಬಾಯಲ್ಲಿ ದಿನವೂ ಓಡಾಡುವ ಮಿಸ್ರಾ, ಕಾಫಿಯಾ ಎಂಬ ಮಾತುಗಳು ಫಾರ್ಸಿ, ಉರ್ದುಗಳನ್ನು ಹಾದು ನಮ್ಮವರೆಗೆ ಬಂದದ್ದು ಈ ಗುಡಾರದಿಂದಲೇ.

ಛಂದಸ್ಸು ನಮಗೆ ತೀರ ಪರಕೀಯವೇನಲ್ಲ, ಏಕೆಂದರೆ ಅರಬ್ಬಿಯದೂ ಲಘು–ಗುರುಗಳ ಲೆಕ್ಕವೇ. 6ನೇ ಶತಮಾನದ ಇಮ್ರುಲ್ ಕೈಸ್ ಎಂಬ ಕವಿಯ ಜಗತ್ಪ್ರಸಿದ್ಧ ಕವಿತೆಯ ಮೊದಲ ಕದವನ್ನು ನೋಡಿ: ‘ಕಿಫಾ ನಬ್ಕಿ ಮಿನ್ ದಿಕ್ರಾ ಹಬೀಬಿನ್ ವ ಮನ್‌ಜಿಲೀ.’ ಇದನ್ನು ಶಾಲೆಯಲ್ಲಿ ಕಲಿತಂತೆ ಪ್ರಸ್ತಾರ ಹಾಕಿದರೆ ‘ಕಿಫಾನಬ್’ ಲಘು–ಗುರು–ಗುರು, ‘ಕಿಮಿನ್‌ದಿಕ್‌ರಾ’ ಲಘುವಿನ ಮೇಲೆ ಮೂರು ಗುರು, ‘ಹಬೀಬಿನ್’ ಮತ್ತೆ ಲಘು–ಗುರು–ಗುರು, ‘ವಮನ್‌ಜಿಲೀ’ ಲಘು–ಗುರು–ಲಘು–ಗುರು. ‘ಗುರು ಲಘು ಮೊದಲಲ್ಲಿ ಬರಲು ಭಯಗಣ’ ಎಂದು ಬಾಯಿಪಾಠ ಮಾಡಿದವರಿಗೆ ಮೊದಲ ಮತ್ತು ಮೂರನೆಯ ಗಣಗಳು ಸಾಕ್ಷಾತ್ ಯಗಣವೆಂದು ತಕ್ಷಣ ಗೊತ್ತಾಗುತ್ತದೆ. ಅರಬ್ಬರು ಅದನ್ನು ‘ಫಊಲುನ್’ ಎನ್ನುತ್ತಾರೆ, ಈ ಛಂದಸ್ಸನ್ನು ‘ತವೀಲ್’, ಅಂದರೆ ಉದ್ದದ್ದು, ಎನ್ನುತ್ತಾರೆ. ಬರೀ ಫಊಲುನ್ ಅನ್ನೇ ನಾಲ್ಕು ಸಲ ಇಟ್ಟರೆ ಅವರ ‘ಮುತಕಾರಿಬ್’; ಯಗಣವನ್ನು ನಾಲ್ಕು ಸಲ ಇಟ್ಟರೆ ನಮ್ಮ ಭುಜಂಗಪ್ರಯಾತ. ಎರಡರ ಲಯವೂ ಒಂದೇ. ನಾನು ಪಾಠ ಮಾಡುವಾಗ ಇಷ್ಟು ಹೇಳಿದ ಮೇಲೆ ಅರಬ್ಬಿ ಛಂದಸ್ಸಿನ ಬಗ್ಗೆ ವಿದ್ಯಾರ್ಥಿಗಳಿಗಿರುವ ಅರ್ಧ ಭಯ ಹೊರಟುಹೋಗುತ್ತದೆ.

ಈ ಛಂದಸ್ಸುಗಳಿಗೆ ಶಾಸ್ತ್ರ ಬರೆದವನು 8ನೇ ಶತಮಾನದ ಬಸ್ರಾದ ಅಲ್ ಖಲೀಲ್ ಇಬ್ನ್ ಅಹ್ಮದ್. ತಾಮ್ರದ ಪಾತ್ರೆ ಬಡಿಯುವವರ ಬೀದಿಯಲ್ಲಿ ನಡೆದು ಹೋಗುತ್ತಿದ್ದಾಗ ಸುತ್ತಿಗೆಯ ಪೆಟ್ಟುಗಳ ಸದ್ದಿನಲ್ಲಿ ಅವನಿಗೆ ಇದು ಹೊಳೆಯಿತೆಂಬ ಕಥೆಯಿದೆ. ಅವನು ಗುರುತಿಸಿದ್ದು ಹದಿನೈದು ಛಂದಸ್ಸುಗಳನ್ನು. ಹದಿನಾರನೆಯದನ್ನು ಆಮೇಲೆ ಅಲ್ ಅಖ್ಫಶ್ ಸೇರಿಸಿದನೆನ್ನುತ್ತಾರೆ. 11ನೇ ಶತಮಾನದಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ನಮ್ಮ ಲಘು–ಗುರುಗಳನ್ನು ವಿವರಿಸುವಾಗ, ಹಿಂದೂಗಳಲ್ಲಿ ಇಂಥದೊಂದು ಶಾಸ್ತ್ರವಿದೆಯೆಂದು ಖಲೀಲನ ಕಿವಿಗೆ ಬಿದ್ದಿರಬಹುದೆಂದು ಕೆಲವರು ಊಹಿಸುತ್ತಾರೆಂದು ದಾಖಲಿಸಿದ್ದಾನೆ. ಅದು ಊಹೆಯೇ ಹೊರತು ಪುರಾವೆಯಲ್ಲ. ಇದರಿಂದ ಹೆಮ್ಮೆಪಡಲು ಹೊರಡುವುದು ಬೇಡ. ಇಲ್ಲಿ ನೆನಪಿಡಬೇಕಾದದ್ದು ಬೇರೆ: ಕವಿಗಳು ಶಾಸ್ತ್ರ ನೋಡಿ ಬರೆದವರಲ್ಲ. ಶಾಸ್ತ್ರ ಹುಟ್ಟುವ ವೇಳೆಗೆ ಆ ಕಾವ್ಯಕ್ಕೆ ಇನ್ನೂರು ವರ್ಷಗಳಿಗೂ ಮಿಕ್ಕಿ ವಯಸ್ಸಾಗಿತ್ತು, ಅದೂ ಬಾಯಿಂದ ಬಾಯಿಗೆ.

ಇಮ್ರುಲ್ ಕೈಸನ ಆ ಸಾಲಿಗೆ ಹಿಂತಿರುಗುತ್ತೇನೆ. ‘ನಿಲ್ಲಿರಿ ಇಬ್ಬರೂ, ಅಳೋಣ, ಒಬ್ಬ ಪ್ರಿಯೆಯ, ಒಂದು ಬಿಡಾರದ ನೆನಪಿಗೆ’ ಎಂಬುದು ಅದರ ಅರ್ಥ. ‘ಕಿಫಾ’ ಎಂಬುದು ದ್ವಿವಚನದ ವಿಧಿರೂಪ. ಕನ್ನಡದಲ್ಲಿ ದ್ವಿವಚನವಿಲ್ಲದ್ದರಿಂದ ‘ಇಬ್ಬರೂ’ ಎಂದು ಸೇರಿಸಬೇಕಾಯಿತು. ಪ್ರಯಾಣದಲ್ಲಿರುವ ಕವಿ ಇಬ್ಬರು ಸಂಗಾತಿಗಳನ್ನು ತಡೆದು ನಿಲ್ಲಿಸುತ್ತಾನೆ; ಎದುರಿಗೆ ಪ್ರಿಯೆಯ ಕುಲದವರು ಕಿತ್ತುಕೊಂಡು ಹೋದ ಬಿಡಾರದ ಗುರುತುಗಳಿವೆ. ಪ್ರಚಲಿತ ಪಾಠದಲ್ಲಿ ಎರಡು ಸಾಲು ಮುಂದೆ ಒಂದು ಚಿತ್ರ ಬರುತ್ತದೆ: ಜನ ಬಿಟ್ಟುಹೋದ ಅಂಗಳಗಳಲ್ಲಿ ಬಿಳಿ ಜಿಂಕೆಗಳ ಹಿಕ್ಕೆ ಕರಿಮೆಣಸಿನ ಕಾಳಿನಂತೆ ಚೆಲ್ಲಿಕೊಂಡಿದೆ. ಮನುಷ್ಯರು ಹೋದ ಜಾಗಕ್ಕೆ ಕಾಡುಪ್ರಾಣಿ ಬಂದು ಎಷ್ಟು ಕಾಲವಾಯಿತೆಂಬುದನ್ನು ಕವಿ ಒಣಗಿದ ಹಿಕ್ಕೆಯಿಂದ ಹೇಳುತ್ತಾನೆ. ಮೆಣಸಿಗೆ ಅವನು ಬಳಸುವ ಮಾತು ‘ಫುಲ್ಫುಲ್’. ಅದು ನಮ್ಮ ‘ಪಿಪ್ಪಲಿ’ಯ ಸಂತಾನ, ಕಾಳಾದರೋ ಭಾರತದ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಹೋದದ್ದು.

ಹೀಗೆ ಪಾಳುಬಿದ್ದ ಬಿಡಾರದೆದುರು ನಿಂತು ಅಳುವುದರಿಂದ ಶುರುವಾಗಿ, ಒಂಟೆ ಅಥವಾ ಕುದುರೆಯ ಮೇಲಿನ ಕಠಿಣ ಪ್ರಯಾಣವನ್ನು ಹಾದು, ತನ್ನ ಕುಲದ ಹೊಗಳಿಕೆಗೋ ದೊರೆಯೊಬ್ಬನ ಸ್ತುತಿಗೋ ಬಂದು ನಿಲ್ಲುವ ಉದ್ದನೆಯ ಕವಿತೆಯೇ ‘ಕಸೀದಾ’. ಈ ನಡೆಯನ್ನು ಎಲ್ಲ ಕವಿಗಳೂ ಚಾಚೂತಪ್ಪದೆ ಪಾಲಿಸಿದರೆಂದೇನೂ ಇಲ್ಲ, ಆದರೆ ಕೇಳುಗರ ಮನಸ್ಸಿನಲ್ಲಿ ಅದು ಅಚ್ಚೊತ್ತಿತ್ತು. ಇಂಥ ಕವಿತೆಗಳಲ್ಲಿ ಅತ್ಯುತ್ತಮವೆನಿಸಿದ ಏಳನ್ನು (ಕೆಲವರ ಲೆಕ್ಕದಲ್ಲಿ ಹತ್ತನ್ನು) ‘ಮುಅಲ್ಲಕಾತ್’, ಅಂದರೆ ತೂಗುಹಾಕಿದವು, ಎಂದು ಕರೆಯುತ್ತಾರೆ. ಬಂಗಾರದ ಅಕ್ಷರಗಳಲ್ಲಿ ಬರೆದು ಕಾಬಾಕ್ಕೆ ತೂಗುಹಾಕಿದ್ದರೆಂಬ ಕಥೆ ಜನಪ್ರಿಯವಾದರೂ ವಿದ್ವಾಂಸರು ಅದನ್ನು ಬಹುಮಟ್ಟಿಗೆ ಒಪ್ಪುವುದಿಲ್ಲ. 1926ರಲ್ಲಿ ಈಜಿಪ್ಟಿನ ತಾಹಾ ಹುಸೇನ್ ಇನ್ನೂ ಮುಂದೆ ಹೋಗಿ, ಇಸ್ಲಾಂಪೂರ್ವದ್ದೆನ್ನುವ ಕಾವ್ಯದ ಬಹುಪಾಲು ನಂತರದವರ ಸೃಷ್ಟಿಯೆಂದು ವಾದಿಸಿ ದೊಡ್ಡ ಗದ್ದಲಕ್ಕೆ ಕಾರಣರಾದರು. ಪುಸ್ತಕವನ್ನು ಹಿಂತೆಗೆದುಕೊಂಡು ತಿದ್ದಿ ಬೇರೆ ಹೆಸರಿನಲ್ಲಿ ತರಬೇಕಾಯಿತು. ಮೌಖಿಕ ಕಾವ್ಯದ ಸ್ವಭಾವ ಗೊತ್ತಿರುವವರು ಇಂದು ಅಷ್ಟು ದೂರ ಹೋಗುವುದಿಲ್ಲ. ಪ್ರತಿ ಕವಿಗೂ ಅವನ ಪದ್ಯಗಳನ್ನು ಬಾಯಲ್ಲಿ ಹೊತ್ತು ತಿರುಗುವ ‘ರಾವಿ’ ಎಂಬ ವಾಚಕನಿರುತ್ತಿದ್ದ. ಹೊತ್ತು ತಿರುಗುವಾಗ ಪಾಠಗಳು ಕದಲುತ್ತವೆ, ಹಾಗೆಂದು ಇಡೀ ಹೊರೆಯೇ ಸುಳ್ಳಾಗುವುದಿಲ್ಲ.

ಇಸ್ಲಾಮಿನ ಆರಂಭದ ಕಾಲವನ್ನು ಬೇಗ ದಾಟುತ್ತೇನೆ. ಕವಿಗಳು ಮಾಯವಾಗಲಿಲ್ಲ, ಹಸ್ಸಾನ್ ಇಬ್ನ್ ಸಾಬಿತ್ ಪ್ರವಾದಿಯವರ ಪಕ್ಷದಿಂದ ಕಾವ್ಯ ಕಟ್ಟಿದ, ಅಲ್ ಖನ್ಸಾ ತನ್ನ ಸತ್ತ ಸಹೋದರ ಸಖ್ರ್‌ಗಾಗಿ ಕಟ್ಟಿದ ಶೋಕಗೀತೆಗಳು ಇಂದಿಗೂ ಆ ಪ್ರಕಾರದ ಒರೆಗಲ್ಲು. ಉಮಯ್ಯದ್ ದೊರೆಗಳ ಕಾಲದಲ್ಲಿ ಜರೀರ್ ಮತ್ತು ಫರಜ್ದಕ್ ಎಂಬಿಬ್ಬರು ಒಬ್ಬರ ಛಂದಸ್ಸು, ಪ್ರಾಸಗಳಲ್ಲೇ ಇನ್ನೊಬ್ಬರು ಉತ್ತರಿಸುತ್ತ ದಶಕಗಳ ಕಾಲ ಬೈದಾಡಿಕೊಂಡರು. ಅದೇ ಹೊತ್ತಿಗೆ ಮೆಕ್ಕಾ, ಮದೀನಾಗಳಿರುವ ಹಿಜಾಜ್ ಸೀಮೆಯಲ್ಲಿ, ಕಸೀದಾದ ಬಾಗಿಲಲ್ಲಿ ನಿಂತಿದ್ದ ಪ್ರೇಮದ ಭಾಗ ಬೇರ್ಪಟ್ಟು ತಾನೇ ಒಂದು ಕವಿತೆಯಾಯಿತು. ಗಜಲ್ ಎಂಬ ಮಾತಿನ ಮೊದಲ ಅರ್ಥ ಅದೇ: ಪ್ರೇಮಕವಿತೆ.

ನಿಜವಾದ ತಿರುವು ಬಂದದ್ದು ಉಮಯ್ಯದರ ನಂತರ ಆಳಿದ ಅಬ್ಬಾಸಿ ಖಲೀಫರ ಕಾಲದ ಬಸ್ರಾ, ಬಗ್ದಾದುಗಳಲ್ಲಿ. ಕವಿಗಳೀಗ ನಗರದವರು, ಬಶ್ಶಾರ್ ಇಬ್ನ್ ಬುರ್ದ್, ಅಬೂ ನುವಾಸ್ ಇಬ್ಬರಿಗೂ ಪರ್ಷಿಯನ್ ರಕ್ತವಿತ್ತು. ಒಂಟೆ ಹತ್ತದವನು, ಗುಡಾರದಲ್ಲಿ ಮಲಗದವನು, ಪಾಳುಬಿಡಾರದ ಮುಂದೆ ನಿಂತು ಏಕೆ ಅಳಬೇಕು? ಅಬೂ ನುವಾಸ್ ಇದನ್ನು ಒಂದೇ ಬೈತಿನಲ್ಲಿ ಮುಗಿಸಿಬಿಟ್ಟ: ‘ಅಳಿಸಿಹೋದ ಗುರುತಿನ ಮುಂದೆ ನಿಂತು ಅಳುವವನಿಗೆ ಹೇಳು, ಕುಳಿತುಕೊಂಡರೆ ಏನು ನಷ್ಟ?’ ಇಷ್ಟು ಹೇಳಿ ಅವನು ಮದ್ಯದ ಕಡೆಗೆ ತಿರುಗುತ್ತಾನೆ. ಮದ್ಯದ ಕವಿತೆಗೆ ಅವನಷ್ಟು ಹೆಸರಾದವನು ಆ ಭಾಷೆಯಲ್ಲಿ ಇನ್ನೊಬ್ಬನಿಲ್ಲ. ಆದರೆ ಗಮನಿಸಿ, ‘ಕುಳಿತುಕೋ’ ಎಂಬ ಹಾಸ್ಯ ನಾಟಬೇಕಾದರೆ ‘ನಿಲ್ಲಿರಿ’ ಎಂಬ ಇಮ್ರುಲ್ ಕೈಸನ ಮೊದಲ ಮಾತು ಕೇಳುಗನ ಕಿವಿಯಲ್ಲಿ ಮೊಳಗುತ್ತಿರಬೇಕು. ಹಳೆಯದನ್ನು ಅಣಕಿಸುವ ಸಾಲೂ ಎರಡು ಕದಗಳ ಬೈತೇ. ಅದೇ ಅಬೂ ನುವಾಸ್ ಆಸ್ಥಾನದಲ್ಲಿ ಸ್ತುತಿ ಹಾಡಬೇಕಾಗಿ ಬಂದಾಗ ಬಿಡಾರದ ಮುಂದೆ ತಾನೂ ನಿಂತು ಅತ್ತಿದ್ದಾನೆ!

ಈ ಹೊಸಬರಿಗೆ ‘ಮುಹ್ದಸ್’ ಎಂಬ ಹೆಸರು ಬಿತ್ತು; ಆಧುನಿಕತೆಗೆ ಇಂದು ಬಳಸುವ ‘ಹದಾಸಾ’ ಎಂಬ ಅರಬ್ಬಿ ಪದ ಅದೇ ಧಾತುವಿನದು. ಅವರಲ್ಲಿ ಅತ್ಯಂತ ಜಟಿಲ ಕವಿ 9ನೇ ಶತಮಾನದ ಅಬೂ ತಮ್ಮಾಮ್. ಅವನ ಉಪಮೆ, ರೂಪಕ, ಶಬ್ದಚಮತ್ಕಾರಗಳು ಬಿಡಿಸಬೇಕಾದ ಗಂಟುಗಳಂತಿರುತ್ತವೆ. ‘ಅರ್ಥವಾಗುವಂಥದ್ದನ್ನು ನೀನೇಕೆ ಹೇಳುವುದಿಲ್ಲ?’ ಎಂದು ಯಾರೋ ಕೇಳಿದಾಗ, ‘ಹೇಳಿದ್ದನ್ನು ನೀನೇಕೆ ಅರ್ಥಮಾಡಿಕೊಳ್ಳುವುದಿಲ್ಲ?’ ಎಂದು ಅವನು ತಿರುಗಿ ಕೇಳಿದನಂತೆ. ನಮ್ಮ ನವ್ಯರ ಬಗ್ಗೆ ನಡೆದ ಜಗಳ ನೆನಪಾದರೆ ತಪ್ಪಲ್ಲ. ಸ್ವತಃ ಕವಿಯಾಗಿದ್ದ, ಮುಂದೆ 908ರಲ್ಲಿ ಒಂದೇ ದಿನ ಖಲೀಫನಾಗಿದ್ದು ಕೊಲೆಯಾದ ಇಬ್ನುಲ್ ಮುಅತಜ್ ಈ ಹೊಸ ಶೈಲಿಯ ಬಗ್ಗೆ ಒಂದು ಅಲಂಕಾರ ಗ್ರಂಥ ಬರೆದು, ಇದ್ಯಾವುದೂ ಹೊಸತಲ್ಲ, ಕುರ್‌ಆನಿನಲ್ಲೂ ಹಳಬರಲ್ಲೂ ಇದೆಲ್ಲ ಇದೆ, ಹೊಸಬರು ಅತಿಮಾಡಿದ್ದಾರಷ್ಟೇ ಎಂದು ವಾದಿಸಿದ. ಅರಬ್ಬಿ ಕಾವ್ಯದಲ್ಲಿ ಹೊಸತನ್ನು ಕುರಿತ ಪ್ರತಿ ಚರ್ಚೆಯೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ: ಇದು ಹಿಂದೆಯೇ ಇತ್ತೇ, ಇಲ್ಲವೇ?

10ನೇ ಶತಮಾನದ ಅಲ್ ಮುತನಬ್ಬಿಯನ್ನು ಅರಬ್ಬರು ಗಾದೆಯಂತೆ ಉದ್ಧರಿಸುತ್ತಾರೆ. ಅಲೆಪ್ಪೋದ ಸೈಫುದ್ದೌಲನ ಆಸ್ಥಾನದಲ್ಲಿ ಮೆರೆದು, ಮುನಿಸಿಕೊಂಡು ಈಜಿಪ್ಟಿಗೆ ಹೋಗಿ, ಅಲ್ಲಿನ ದೊರೆ ಕಾಫೂರನನ್ನು ಮೊದಲು ಹೊಗಳಿ ಆಮೇಲೆ ಬೈದು ಓಡಿಬಂದ ಅಹಂಕಾರಿ ಅವನು. ‘ಕುದುರೆ, ಇರುಳು, ಮರುಭೂಮಿ ನನ್ನನ್ನು ಬಲ್ಲವು, ಕತ್ತಿ, ಈಟಿ, ಕಾಗದ, ಲೇಖನಿಯೂ’ ಎಂಬುದು ಅವನ ಸಾಲು. 965ರಲ್ಲಿ ಬಗ್ದಾದಿನ ದಾರಿಯಲ್ಲಿ ಶತ್ರುಗಳು ಮೇಲೆಬಿದ್ದಾಗ ಅವನು ತಪ್ಪಿಸಿಕೊಳ್ಳಲು ನೋಡಿದನಂತೆ. ಜೊತೆಯವನು ಈ ಸಾಲನ್ನೇ ನೆನಪಿಸಿದಾಗ ನಾಚಿ ಹಿಂತಿರುಗಿ ಹೋರಾಡಿ ಸತ್ತನಂತೆ. ಅವನಿಗಿಂತ ನನಗೆ ಹತ್ತಿರದವನು ಸಿರಿಯಾದ ಮಅರ್ರಾ ಊರಿನ ಅಬುಲ್ ಅಲಾ ಅಲ್ ಮಅರ್ರಿ (973–1057). ಬಾಲ್ಯದಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡ ಈತ ಮಾಂಸ, ಮೊಟ್ಟೆ, ಜೇನು ಎಲ್ಲವನ್ನೂ ಬಿಟ್ಟು ಮನೆಯೊಳಗೇ ಬದುಕಿದ. ‘ಹೆಜ್ಜೆ ಹಗುರವಾಗಿಡು, ಈ ನೆಲದ ತೊಗಲು ಈ ದೇಹಗಳಿಂದಲ್ಲದೆ ಬೇರೆ ಯಾವುದರಿಂದಲೂ ಆದದ್ದಲ್ಲವೆಂದು ನನ್ನೆಣಿಕೆ’ ಎಂಬ ಬೈತ್ ಅವನ ಒಂದು ಶೋಕಗೀತೆಯಲ್ಲಿದೆ. ಈ ಸಾಲನ್ನು ದಯವಿಟ್ಟು ನೆನಪಿನಲ್ಲಿಡಿ, ಸಾವಿರ ವರ್ಷದಾಚೆ ಇದು ಮತ್ತೆ ಬರುತ್ತದೆ.

ರೂಪದ ಮಟ್ಟದಲ್ಲೂ ಕಟ್ಟಳೆ ಕದಲಿತ್ತು. ಮುಸ್ಲಿಂ ಸ್ಪೇನಿನಲ್ಲಿ ಹುಟ್ಟಿದ ‘ಮುವಶ್ಶಹ್’ ಎಂಬ ಹಾಡುಗಬ್ಬದಲ್ಲಿ ಚರಣದಿಂದ ಚರಣಕ್ಕೆ ಪ್ರಾಸ ಬದಲಾಗುತ್ತದೆ, ನಡುವೆ ಪಲ್ಲವಿಯ ಪ್ರಾಸ ಮರಳುತ್ತದೆ, ಸಾಲುಗಳು ಗಿಡ್ಡವೂ ಉದ್ದವೂ ಆಗುತ್ತವೆ. ಕೊನೆಯ ಪಲುಕನ್ನು ಆಡುಮಾತಿನ ಅರಬ್ಬಿಯಲ್ಲೋ ಸ್ಪೇನಿನ ಜನರ ಹಳೆಯ ರೊಮಾನ್ಸ್ ನುಡಿಯಲ್ಲೋ, ಎಷ್ಟೋ ಸಲ ಹೆಣ್ಣೊಬ್ಬಳ ಬಾಯಲ್ಲಿ, ಹೇಳಿಸುತ್ತಿದ್ದರು. ಶಿಷ್ಟ ಕವಿತೆಯ ತುದಿಯಲ್ಲಿ ಬೀದಿಯ ಮಾತು! 12ನೇ ಶತಮಾನದ ಇಬ್ನ್ ಕುಜ್ಮಾನ್ ‘ಜಜಲ್’ ಎಂಬ ಪ್ರಕಾರದಲ್ಲಿ ಇಡೀ ಕವಿತೆಯನ್ನೇ ಆಡುಮಾತಿಗೆ ತಂದ. ಪಂಡಿತರು ಇವನ್ನು ಹಾಡಿನ ಸಾಮಾನೆಂದು ಬದಿಗಿಟ್ಟರು, ಹಾಗಾಗಿ ಕಸೀದಾದ ಸಿಂಹಾಸನಕ್ಕೆ ಏನೂ ಆಗಲಿಲ್ಲ.

1258ರಲ್ಲಿ ಮಂಗೋಲರು ಬಗ್ದಾದನ್ನು ಸುಟ್ಟ ಮೇಲಿನ ಐನೂರು ವರ್ಷಗಳನ್ನು ಪಠ್ಯಪುಸ್ತಕಗಳು ‘ಅವನತಿಯ ಯುಗ’ವೆಂದು ಒಂದು ಪುಟದಲ್ಲಿ ಮುಗಿಸುತ್ತವೆ. ಇದು 19ನೇ ಶತಮಾನದ ಸುಧಾರಕರು ತಮ್ಮ ಕಾಲವನ್ನು ಪುನರುಜ್ಜೀವನವೆಂದು ಕರೆದುಕೊಳ್ಳಲು ಕಟ್ಟಿದ ಹೆಸರೆಂದು ನನ್ನ ಅಭಿಪ್ರಾಯ. ಒಂದು ಉದಾಹರಣೆ ಸಾಕು. 13ನೇ ಶತಮಾನದ ಈಜಿಪ್ಟಿನ ಅಲ್ ಬೂಸೀರಿ ಪ್ರವಾದಿಯವರ ಸ್ತುತಿಯಾಗಿ ಬರೆದ ‘ಬುರ್ದಾ’ದಷ್ಟು ಬಾಯಿಗಳಲ್ಲಿ ಬದುಕಿರುವ ಅರಬ್ಬಿ ಕವಿತೆ ಬೇರೆ ಇರಲಾರದು, ಕರ್ನಾಟಕದ ಕರಾವಳಿಯ ಬ್ಯಾರಿ ಸಮುದಾಯದಲ್ಲೂ ಬುರ್ದಾ ಆಲಾಪನೆಯ ಮಜ್ಲಿಸುಗಳು ಇಂದಿಗೂ ನಡೆಯುತ್ತವೆ. ಅದು ಕೂಡ ಪ್ರಿಯೆಯ ಊರನ್ನು ನೆನೆದು ಸುರಿಸುವ ಕಣ್ಣೀರಿನಿಂದಲೇ ಶುರುವಾಗುತ್ತದೆ.

19ನೇ ಶತಮಾನದ ಪುನರುಜ್ಜೀವನಕ್ಕೆ ಬಂದರೆ, ಅದರ ಮೊದಲ ದೊಡ್ಡ ಕವಿ ಈಜಿಪ್ಟಿನ ಸೇನಾಧಿಕಾರಿ ಮಹಮೂದ್ ಸಾಮಿ ಅಲ್ ಬಾರೂದಿ (1839–1904). 1882ರಲ್ಲಿ ಕೆಲವು ತಿಂಗಳು ಪ್ರಧಾನಿಯಾಗಿದ್ದ, ಉರಾಬಿ ಎಂಬ ಸೇನಾಧಿಕಾರಿಯ ದಂಗೆಯಲ್ಲಿ ಪಾಲ್ಗೊಂಡಿದ್ದ ಅವನನ್ನು ಬ್ರಿಟಿಷರು ಬಂದ ಮೇಲೆ ಸಿಲೋನಿಗೆ ಗಡೀಪಾರು ಮಾಡಲಾಯಿತು. ಅಲ್ಲಿ ಕಳೆದದ್ದು ಸುಮಾರು ಹದಿನೇಳು ವರ್ಷ. ಹೆಂಡತಿ ಈಜಿಪ್ಟಿನಲ್ಲಿ ತೀರಿಕೊಂಡ ಸುದ್ದಿ ಅಲ್ಲಿಗೆ ಬಂತು, ಶೋಕಗೀತೆಯನ್ನು ಅವನು ಅಲ್ಲಿಂದಲೇ ಬರೆದ. ಅವನ ಭಾಷೆ, ಛಂದಸ್ಸು, ಪ್ರತಿಮೆಗಳೆಲ್ಲ ಅಬ್ಬಾಸಿ ಕವಿಗಳವು. ಆದರೆ ಕಳೆದುಹೋದ ಬಿಡಾರದ ಮುಂದೆ ನಿಲ್ಲುವ ಹಳೆಯ ಭಂಗಿಗೆ ಗಡೀಪಾರಾದವನ ಬಾಯಲ್ಲಿ ಮತ್ತೆ ಜೀವ ಬಂದಿತ್ತು.

ಅವನ ನಂತರದ ಅಹ್ಮದ್ ಶೌಕಿಯ (1868–1932) ಪಾಡೂ ಅದೇ. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಪೇನಿಗೆ ಗಡೀಪಾರಾದ ಶೌಕಿ ಅಲ್ ಹಂಬ್ರಾ ಅರಮನೆಯ ಮುಂದೆ ನಿಂತಾಗ ನೆನೆದದ್ದು 9ನೇ ಶತಮಾನದ ಅಲ್ ಬುಹ್ತುರಿಯನ್ನು. ಬುಹ್ತುರಿ ಪರ್ಷಿಯನ್ ದೊರೆಗಳ ಪಾಳುಬಿದ್ದ ಅರಮನೆಯ ಮುಂದೆ ಸಕಾರ ಪ್ರಾಸದಲ್ಲಿ ಒಂದು ಕಸೀದಾ ಬರೆದಿದ್ದ; ಶೌಕಿ ಅದೇ ಛಂದಸ್ಸಿನಲ್ಲಿ, ಅದೇ ಪ್ರಾಸದಲ್ಲಿ, ಅರಬ್ಬರೇ ಕಳೆದುಕೊಂಡ ಅರಮನೆಯ ಕುರಿತು ಬರೆದ. ಹೀಗೆ ಹಿರಿಯನ ಅಳತೆಯಲ್ಲೇ ನಿಂತು ಹಿರಿಯನಿಗೆ ಎದುರಾಗಿ ಬರೆಯುವುದಕ್ಕೆ ‘ಮುಆರದಾ’ ಎನ್ನುತ್ತಾರೆ. ಬುರ್ದಾಕ್ಕೂ ಅವನದೊಂದು ಮುಆರದಾ ಇದೆ. 1927ರಲ್ಲಿ ಅರಬ್ ಜಗತ್ತು ಅವನಿಗೆ ‘ಕವಿಗಳ ರಾಜಕುಮಾರ’ ಎಂಬ ಪಟ್ಟ ಕಟ್ಟಿತು. ಅದಕ್ಕೆ ಆರು ವರ್ಷ ಮುಂಚೆಯೇ, 1921ರಲ್ಲಿ, ಅಲ್ ಅಕ್ಕಾದ್ ಮತ್ತು ಅಲ್ ಮಾಜಿನಿ ಎಂಬ ತರುಣ ವಿಮರ್ಶಕರು ‘ಅದ್ದೀವಾನ್’ ಎಂಬ ಪುಸ್ತಕದಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡಿದ್ದರು. ಬೈತುಗಳನ್ನು ಹಿಂದುಮುಂದು ಮಾಡಿದರೂ ಏನೂ ಕೆಡದ ಕವಿತೆ ಒಂದು ಜೀವಂತ ದೇಹವಲ್ಲ, ಮರಳಿನ ರಾಶಿ ಎಂಬುದು ಅವರ ವಾದದ ತಿರುಳು. ಈ ವಾದಕ್ಕೆ ಇಂಗ್ಲಿಷ್ ರೊಮ್ಯಾಂಟಿಕ್ ವಿಮರ್ಶೆಯ ಓದು ಕಾರಣವೆಂಬುದು ನಿಸ್ಸಂಶಯ. 1920ರಲ್ಲಿ ನ್ಯೂಯಾರ್ಕಿನಲ್ಲಿ ಜಿಬ್ರಾನ್, ಮಿಖಾಯಿಲ್ ನುಐಮಾ ಮೊದಲಾದ ವಲಸಿಗರು ಕಟ್ಟಿದ ಕೂಟ, 1932ರಲ್ಲಿ ಕೈರೋದಲ್ಲಿ ಹುಟ್ಟಿದ ಅಪೋಲೋ ಗುಂಪು, ಇವೆಲ್ಲ ಅದೇ ಗಾಳಿಯವು.

ಈ ಗಾಳಿಯಲ್ಲಿ ಬೆಳೆದ ಟ್ಯುನೀಷಿಯಾದ ಅಬುಲ್ ಕಾಸಿಮ್ ಅಶ್ಶಾಬ್ಬಿ ಇಪ್ಪತ್ತೈದರ ವಯಸ್ಸಿನಲ್ಲೇ, 1934ರಲ್ಲಿ, ತೀರಿಕೊಂಡ. ‘ಜನ ಒಂದು ದಿನ ಬದುಕನ್ನು ಬಯಸಿದರೆ ವಿಧಿ ಓಗೊಡಲೇಬೇಕು’ ಎಂಬ ಅವನ ಬೈತ್ ಟ್ಯುನೀಷಿಯಾದ ರಾಷ್ಟ್ರಗೀತೆಯಲ್ಲಿದೆ, 2011ರ ಅರಬ್ ಜನದಂಗೆಗಳಲ್ಲಿ ಬೀದಿಯ ಘೋಷಣೆಯೂ ಆಯಿತು. ಅದರ ಎರಡನೆಯ ಕದವನ್ನು ಒಡೆದು ನೋಡಿ: ‘ಫಲಾಬುದ್ / ದಅನ್‌ಯಸ್ / ತಜೀಬಲ್ / ಕದರ್.’ ಮೂರು ಪೂರ್ತಿ ಯಗಣ, ನಾಲ್ಕನೆಯದರ ತುದಿ ಮೊಟಕು. ಅಂದರೆ 2011ರ ಚೌಕಗಳಲ್ಲಿ ಜನ ಕೂಗಿದ್ದು ಖಲೀಲನ ಮುತಕಾರಿಬ್ ಛಂದಸ್ಸಿನಲ್ಲಿ, ನಮ್ಮ ಭುಜಂಗಪ್ರಯಾತದ ಓಟದಲ್ಲಿ. ಸತ್ತ ಛಂದಸ್ಸನ್ನು ಯಾರೂ ಬೀದಿಯಲ್ಲಿ ಕೂಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ಹೃದಯಕ್ಕೆ ಬರೋಣ. 1947ರಲ್ಲಿ ಈಜಿಪ್ಟಿನಲ್ಲಿ ಕಾಲರಾ ಹಬ್ಬಿ ಸಾವಿನ ಸಂಖ್ಯೆ ದಿನದಿನಕ್ಕೂ ಏರುತ್ತಿದ್ದಾಗ, ಬಗ್ದಾದಿನಲ್ಲಿದ್ದ ನಾಜಿಕ್ ಅಲ್ ಮಲಾಇಕಾ (1923–2007) ‘ಕಾಲರಾ’ ಎಂಬ ಕವಿತೆ ಬರೆದಳು. ಹೆಣ ತುಂಬಿದ ಗಾಡಿಗಳನ್ನೆಳೆಯುವ ಕುದುರೆಗಳ ಗೊರಸಿನ ಸದ್ದನ್ನು ಹಿಡಿಯಲು ಯತ್ನಿಸಿದೆನೆಂದು ಆಕೆಯೇ ಬರೆದಿದ್ದಾಳೆ. ಎರಡು ಸಮ ಕದಗಳ ಬೈತಿಗೆ ಆ ಸದ್ದು ಒಗ್ಗಲಿಲ್ಲ. ಗಣವೊಂದನ್ನು ಇಟ್ಟುಕೊಂಡು, ಅದನ್ನು ಒಂದು ಸಾಲಿನಲ್ಲಿ ಎರಡು ಸಲ, ಇನ್ನೊಂದರಲ್ಲಿ ನಾಲ್ಕು ಸಲ, ಭಾವಕ್ಕೆ ಬೇಕಾದಷ್ಟು ಬಳಸಿದಳು. ಅದೇ ವರ್ಷ ಬಸ್ರಾ ಬಳಿಯ ಜೈಕೂರ್ ಎಂಬ ಹಳ್ಳಿಯ ಬದ್ರ್ ಶಾಕಿರ್ ಅಸ್ಸಯ್ಯಾಬ್ (1926–1964) ಇದೇ ಬಗೆಯ ಕವಿತೆಯಿದ್ದ ಸಂಕಲನ ಹೊರತಂದ. ಮೊದಲಿಗರು ಯಾರೆಂಬ ಜಗಳ ಇನ್ನೂ ಮುಗಿದಿಲ್ಲ. ನನಗೆ ಅದರಲ್ಲಿ ಆಸಕ್ತಿಯಿಲ್ಲ, ಏಕೆಂದರೆ 1940ರಲ್ಲೇ ಅಲಿ ಅಹ್ಮದ್ ಬಾಕಸೀರ್ ತನ್ನ ಪದ್ಯನಾಟಕವೊಂದರಲ್ಲಿ ಇದನ್ನು ಮಾಡಿ ತೋರಿಸಿದ್ದ.

ಇದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಸಯ್ಯಾಬನ ‘ಮಳೆಯ ಹಾಡು’ (1954) ಕವಿತೆಯಲ್ಲಿ ನೋಡಬಹುದು. ಮೊದಲ ಸಾಲು ‘ಐನಾಕಿ ಗಾಬತಾ ನಖೀಲಿನ್ ಸಾಅತಸ್ಸಹರ್’, ಅಂದರೆ ‘ನಿನ್ನ ಕಣ್ಣುಗಳು ಮುಂಜಾವದ ಹೊತ್ತಿನ ಎರಡು ಖರ್ಜೂರದ ತೋಪುಗಳು.’ ಲಯ ಹಳೆಯ ‘ರಜಜ್’ ಛಂದಸ್ಸಿನದು, ಒಂಟೆ ಹೊಡೆಯುವವರ ಹಾಡಿನಿಂದ ಹುಟ್ಟಿತೆನ್ನುವಂಥದ್ದು. ಗಣಗಳನ್ನು ಎಣಿಸಿದರೆ ಮೂರು ಪೂರ್ತಿ, ಕೊನೆಯಲ್ಲಿ ‘ಸಹರ್’ ಎಂಬ ಲಘು–ಗುರುವಿನ ಒಂದು ತುಣುಕು. ಮುಂದೆ ಕವಿತೆಯಲ್ಲಿ ‘ಮತರ್... ಮತರ್... ಮತರ್’ ಎಂದು ಪಲ್ಲವಿ ಮರಳಿ ಮರಳಿ ಬರುತ್ತದೆ. ಮತರ್ ಎಂದರೆ ಮಳೆ. ಆ ಮಾತೂ ಒಂದು ಲಘು, ಒಂದು ಗುರು. ಮೊದಲ ಸಾಲಿನ ಬಾಲದಲ್ಲಿದ್ದ ಅದೇ ತುಣುಕು, ಈಗ ಒಂಟಿಯಾಗಿ ಹನಿಯಂತೆ ಬೀಳುತ್ತದೆ. ಗುಡಾರ ಕಿತ್ತಿದ್ದರು, ಹಗ್ಗ, ಗೂಟಗಳನ್ನು ಜೊತೆಯಲ್ಲೇ ಒಯ್ದಿದ್ದರು. ಇಂಗ್ಲಿಷಿನ ‘ಫ್ರೀ ವರ್ಸ್’ ಎಂಬ ಹೆಸರನ್ನು ಇದಕ್ಕೆ ಅಂಟಿಸಿದ್ದರಿಂದ ತುಂಬಾ ಗೊಂದಲವಾಗಿದೆ. ಅರಬ್ಬರೇ ಹೇಳುವ ‘ತಫ್‌ಈಲಾ’, ಅಂದರೆ ಗಣದ ಕವಿತೆ, ಎಂಬ ಹೆಸರೇ ಸರಿ. ಇದೇ 1954ರಲ್ಲಿ ಕನ್ನಡದಲ್ಲಿ ಅಡಿಗರ ‘ಚಂಡೆಮದ್ದಳೆ’ ಬಂತು. ಅಲ್ಲಿಯೂ ಪಂಕ್ತಿಗಳು ಕುಗ್ಗಿ ಹಿಗ್ಗುತ್ತವೆ, ಒಳಗೆ ಮಾತ್ರಾಗಣದ ಮಿಡಿತ ನಿಲ್ಲುವುದಿಲ್ಲ. ಇಬ್ಬರೂ ಎಲಿಯಟನನ್ನು ಓದಿದವರು, ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದ್ದಿರಲಾರದು.

ಗಣವನ್ನೂ ಬಿಟ್ಟವರು ಇವರ ನಂತರದವರು. 1957ರಲ್ಲಿ ಬೈರೂತಿನಲ್ಲಿ ಯೂಸುಫ್ ಅಲ್ ಖಾಲ್ ಮತ್ತು ಅದೋನಿಸ್ ಎಂಬ ಕವಿಗಳು ಸೇರಿ ‘ಶಿಅರ್’ (ಕವಿತೆ) ಎಂಬ ಪತ್ರಿಕೆ ತೆಗೆದರು. ಗದ್ಯಕವಿತೆ ಅಲ್ಲಿ ಹುಟ್ಟಿತು. 1960ರಲ್ಲಿ ಬಂದ ಉನ್ಸಿ ಅಲ್ ಹಾಜ್‌ನ ‘ಲನ್’ (ಎಂದಿಗೂ ಇಲ್ಲ) ಸಂಕಲನದ ಮುನ್ನುಡಿಯ ಹಿಂದೆ ಫ್ರೆಂಚ್ ಸಿದ್ಧಾಂತವಿತ್ತು. ಇಲ್ಲಿ ಯುರೋಪಿನ ಪಾಲನ್ನು ಅಲ್ಲಗಳೆಯುವುದು ಸಾಧ್ಯವೇ ಇಲ್ಲ. ತಮಾಷೆಯೆಂದರೆ ಇದನ್ನು ಕಟುವಾಗಿ ವಿರೋಧಿಸಿದವರಲ್ಲಿ ನಾಜಿಕ್ ಅಲ್ ಮಲಾಇಕಾ ಒಬ್ಬಳು. 1962ರ ತನ್ನ ವಿಮರ್ಶಾ ಗ್ರಂಥದಲ್ಲಿ, ಹೊಸ ಛಂದಸ್ಸಿಗೆ ಯಾವ ಯಾವ ಹಳೆಯ ವೃತ್ತಗಳು ಸಲ್ಲುತ್ತವೆ, ಯಾವುವು ಸಲ್ಲುವುದಿಲ್ಲವೆಂದು ಆಕೆ ಖಲೀಲನಷ್ಟೇ ಕಟ್ಟುನಿಟ್ಟಾಗಿ ವಿಧಿಸಿದ್ದಳು. ಇತ್ತ ಎರಡು ಕದಗಳ ಬೈತೂ ಸಾಯಲಿಲ್ಲ. 2007ರಿಂದ ಅಬುಧಾಬಿಯ ಟಿವಿಯಲ್ಲಿ ನಡೆಯುವ ‘ಕವಿಗಳ ರಾಜಕುಮಾರ’ ಸ್ಪರ್ಧೆಗೆ ಶೌಕಿಯ ಬಿರುದನ್ನೇ ಇಟ್ಟಿದ್ದಾರೆ.

ಅನುಕರಣೆಯ ಪ್ರಶ್ನೆಗೆ ಅದೋನಿಸ್ ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಪ್ರಾಮಾಣಿಕ ಅನಿಸಿದೆ. ಫ್ರೆಂಚ್ ಕವಿ ಬೋದಿಲೇರನನ್ನು ಓದಿದ ಮೇಲೆ ತನಗೆ ಅಬೂ ನುವಾಸ್ ಏನೆಂದು ತಿಳಿಯಿತು, ಮಲಾರ್ಮೆಯನ್ನು ಓದಿದ ಮೇಲೆ ಅಬೂ ತಮ್ಮಾಮನ ಗುಟ್ಟು ಬಿಚ್ಚಿಕೊಂಡಿತು ಎಂದು ಆತ ಬರೆದಿದ್ದಾನೆ. ದೀಪ ಪ್ಯಾರಿಸಿನದು, ಅದರ ಬೆಳಕಿನಲ್ಲಿ ಕಂಡ ಮನೆ ಬಗ್ದಾದಿನದು. ಯುರೋಪಿನ ಸ್ಪರ್ಶವಿಲ್ಲದಿದ್ದರೆ 1947 ಆಗ ಬರುತ್ತಿರಲಿಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಅಬ್ಬಾಸಿ ಕಾಲದ ಹೊಸಬರಾಗಲಿ, ಮುವಶ್ಶಹ್ ಆಗಲಿ ಹಿಂದೆ ಇಲ್ಲದಿದ್ದರೆ ಆ ಸ್ಪರ್ಶಕ್ಕೆ ಇಷ್ಟು ಬೇಗ ಫಲ ಬರುತ್ತಿರಲಿಲ್ಲ.

1967ರ ಯುದ್ಧದಲ್ಲಿ ಅರಬ್ ದೇಶಗಳು ಇಸ್ರೇಲಿಗೆ ಸೋತ ನಂತರ, ಪ್ರೇಮಕವಿಯೆಂದು ಹೆಸರಾಗಿದ್ದ ಸಿರಿಯಾದ ನಿಜಾರ್ ಕಬ್ಬಾನಿ ದೊರೆಗಳನ್ನು ನೇರವಾಗಿ ಪ್ರಶ್ನಿಸುವ ಕವಿತೆ ಬರೆದು ನಿಷೇಧಕ್ಕೊಳಗಾದ. ಆ ದಶಕಗಳ ರಾಜಕೀಯ ಕಾವ್ಯದ ಬಗ್ಗೆ ಹೇಳಲು ಬೇರೆಯೇ ಪತ್ರ ಬೇಕು. ನೀವು ಹೆಸರಿಸಿದ ದರ್ವೀಶ್ (1941–2008) ಅವರೊಂದಿಗೆ ಮುಗಿಸುತ್ತೇನೆ. ಅವರು ಕೊನೆಯವರೆಗೂ ಹೆಚ್ಚಾಗಿ ತಫ್‌ಈಲಾದಲ್ಲೇ ಬರೆದರು. ಗಲಿಲೀ ಸೀಮೆಯ ಅವರ ಹುಟ್ಟೂರು ಅಲ್ ಬಿರ್ವಾ 1948ರಲ್ಲಿ ನೆಲಸಮವಾದ ಹಳ್ಳಿಗಳಲ್ಲೊಂದು. ಅವರು ತೀರಿಕೊಂಡ ಮೇಲೆ 2009ರಲ್ಲಿ ಪ್ರಕಟವಾದ ಸಂಕಲನದಲ್ಲಿ ಆ ಊರಿನ ಬಗ್ಗೆ ಒಂದು ಕವಿತೆಯಿದೆ. ಅದಕ್ಕೆ ಅವರು ಕೊಟ್ಟ ಹೆಸರು, ಹಳೆಯ ಕಸೀದಾದ ಪರಿಭಾಷೆಯಲ್ಲಿ, ಬಿರ್ವಾದ ಪಾಳುಬಿಡಾರದ ಗೀತೆ. ನೆಲದ ತೊಗಲಿನ ಮೇಲೆ ಹಕ್ಕಿಯಂತೆ ಹಗುರವಾಗಿ ನಡೆಯುತ್ತೇನೆ, ಸತ್ತವರನ್ನು ಎಬ್ಬಿಸಬಾರದಲ್ಲ ಎನ್ನುವಾಗ ಅಲ್ಲಿ ಮಅರ್ರಿಯ ಮಾತು ಅದೇ ಪದದಲ್ಲಿ ಕೇಳಿಸುತ್ತದೆ. ಮುಂದೆ ಕವಿ ತನ್ನ ಜೊತೆಗಿರುವ ಇಬ್ಬರನ್ನು ತಡೆಯುತ್ತಾನೆ. ಅವನ ಬಾಯಿಂದ ಬರುವ ಮಾತು ‘ಕಿಫಾ’, ದ್ವಿವಚನದಲ್ಲಿ: ನಿಲ್ಲಿರಿ ಇಬ್ಬರೂ, ಈ ಜಾಗವನ್ನೂ ಇದರ ಬರಿದನ್ನೂ ಕುದುರೆಗಳಿಂದ, ಅಗಲಿಕೆಗಳಿಂದ ತುಂಬಿದ ಆ ಹಳಬರ ಮುಅಲ್ಲಕಾತ್‌ಗಳಿಂದ ತೂಗಿ ನೋಡುತ್ತೇನೆ, ಒಂದೊಂದು ಪ್ರಾಸಕ್ಕೂ ಒಂದೊಂದು ಗುಡಾರ ಹೂಡೋಣ.